ಎಣ್ಣೆ ಬದಲಾಯ್ತು, ಟ್ಯೂನಿಂಗ್ ಮಾಡೋರು ಯಾರು?

ನಿಪ್ಪಾಣಿ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕ ಒಂದು ಅರ್ಧ ಗಂಟೆ ನಿಂತು ನೋಡಿ. ನಮ್ಮ ದೇಶದ ಎರಡು ಮುಖಗಳೂ ಒಟ್ಟಿಗೇ ಕಾಣಿಸುತ್ತವೆ. ಹೆದ್ದಾರಿಯ ಮೇಲೆ ಮುಂಬೈ, ಪುಣೆ ಕಡೆಯಿಂದ ಗೋವಾಕ್ಕೋ ಬೆಂಗಳೂರಿಗೋ ಹೊರಟ ಕೋಟಿ ಬೆಲೆಯ ಕಾರುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹಾದು ಹೋಗುತ್ತವೆ. ಪಕ್ಕದ ಸರ್ವಿಸ್ ರೋಡಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಕಬ್ಬಿನ ಟ್ರ್ಯಾಕ್ಟರ್ ಏದುಸಿರು ಬಿಡುತ್ತಾ ಹೋಗುತ್ತಿರುತ್ತದೆ.

ಆ ಕಾರಿಗೂ ಈ ಟ್ರ್ಯಾಕ್ಟರಿಗೂ ಏನು ಸಂಬಂಧ? ಇದೆ. ಕಾರಿನ ಟ್ಯಾಂಕಿನಲ್ಲಿರುವ ಪೆಟ್ರೋಲಿನ ಐದರಲ್ಲಿ ಒಂದು ಪಾಲು ಇವತ್ತು ಎಥೆನಾಲ್. ಅದರ ಒಂದಷ್ಟು ಹುಟ್ಟಿದ್ದು ಇಂಥದ್ದೇ ಟ್ರ್ಯಾಕ್ಟರಿನ ಮೇಲಿನ ಕಬ್ಬಿನಿಂದ. ಟ್ರ್ಯಾಕ್ಟರ್ ಹಿಂದೆ ಉಳಿಯಿತು, ಕಬ್ಬು ಮಾತ್ರ ಕಾರಿನೊಳಗೆ ಕೂತು ಮುಂದೆ ಹೋಯಿತು. ಕಬ್ಬು ಬೆಳೆದವನು ಎಲ್ಲಿ ಉಳಿದ? ಪ್ರಶ್ನೆ ಇರೋದು ಅಲ್ಲೇ.

2025ರ ನವೆಂಬರ್‌ನಲ್ಲಿ ಕಬ್ಬು ಬೆಳೆಗಾರರ ಹೋರಾಟದ ವರದಿಗೆ ಅಂತ ನಾನು ಆ ಕಡೆ ಹೋಗಿದ್ದೆ. ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ರಸ್ತೆ ಮೇಲೆ ಕೂತಿದ್ದರು. ಅಥಣಿ, ರಾಯಬಾಗ, ಚಿಕ್ಕೋಡಿವರೆಗೂ ಅದರ ಬಿಸಿ ಹಬ್ಬಿತ್ತು. ಅವರ ಬೇಡಿಕೆ ಟನ್ನಿಗೆ 3,500 ರೂಪಾಯಿ. ವರದಿ ಮುಗಿಸಿ ಚಿಕ್ಕೋಡಿ ಮೇಲಾಸಿ ನಿಪ್ಪಾಣಿಗೆ ಬಂದಾಗ ನಮ್ಮ ಗಾಡಿ ಯಾಕೋ ಎಳೆಯುತ್ತಿರಲಿಲ್ಲ. ಹೆದ್ದಾರಿ ಪಕ್ಕದ ಒಂದು ಸಣ್ಣ ಗ್ಯಾರೇಜಿಗೆ ಒಯ್ದೆವು.

ಅಲ್ಲಿ ಒಬ್ಬ ಹುಡುಗ ಮಿಸ್ತ್ರಿಯ ಬೆನ್ನು ಬಿದ್ದಿದ್ದ. ಇಪ್ಪತ್ತೈದರ ವಯಸ್ಸು. ಅಪ್ಪನದು ಕಬ್ಬಿನ ಹೊಲ, ಮಗನದು ಟರ್ಬೊ ಇಂಜಿನ್ನಿನ ಸಣ್ಣ ಕಾರು. ಅಮೆರಿಕದಲ್ಲಿ ಹುಡುಗರು ಇ85 ಹಾಕಿ ಕಾರಿನ ಪವರ್ ಏರಿಸೋದನ್ನ ವಿಡಿಯೋದಲ್ಲಿ ನೋಡಿಬಿಟ್ಟಿದ್ದಾನೆ. ಇ85 ಅಂದರೆ ನೂರಕ್ಕೆ 85 ಪಾಲು ಎಥೆನಾಲ್, 15 ಪಾಲು ಪೆಟ್ರೋಲ್. "ಅಣ್ಣಾ, ಸುತ್ತಮುತ್ತ ಇಷ್ಟ ಡಿಸ್ಟಿಲರಿ ಅದಾವು. ಒಂದ ಕ್ಯಾನ್ ಸ್ಪಿರಿಟ್ ತಂದ ಹಾಕಿದ್ರ ಓಡಂಗಿಲ್ಲೇನ?" ಅಂತ ಕೇಳುತ್ತಿದ್ದ.

ಮಿಸ್ತ್ರಿ ನಕ್ಕ. ನನ್ನ ಕಡೆ ತಿರುಗಿ ಹೇಳಿದ: "ಸರ್ರ, ಟ್ಯೂನಿಂಗ್ ಅಂದ್ರ ಭಾಳ ದೊಡ್ಡ ಶಾಸ್ತ್ರ ಅಲ್ರಿ. ಗಾಳಿ, ಎಣ್ಣಿ, ಕಿಡಿ. ಮೂರೂ ಹೊಂದಬೇಕು. ಎಣ್ಣಿ ಬದ್ಲಾತು ಅಂದ್ರ ಉಳದ ಎರಡನ್ನೂ ಬದ್ಲ ಮಾಡ್ಬೇಕ. ಇಲ್ಲಂದ್ರ ಇಂಜಿನ್ ಹಾಳಾಕ್ಕೈತಿ."

ನೂರು ವರ್ಷದ ಎಥೆನಾಲ್ ಇತಿಹಾಸವನ್ನ ಆ ಮನುಷ್ಯ ಒಂದು ಉಸಿರಿನಲ್ಲಿ ಹೇಳಿ ಮುಗಿಸಿದ್ದ. ನಾನು ಮಾತ್ರ ಒಂದು ಇಡೀ ಲೇಖನ ಬರೆಯುತ್ತಿದ್ದೇನೆ.

ಮೊದಲು ಹುಡುಗನ ಆಸೆಯಲ್ಲಿ ಎಷ್ಟು ಸತ್ಯವಿದೆ ನೋಡೋಣ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುವ ಮುನ್ನ ನರ್ಸ್ ಸ್ಪಿರಿಟ್ ಹಚ್ಚುತ್ತಾರಲ್ಲ, ಆಗ ಚರ್ಮ ತಣ್ಣಗಾಗುತ್ತೆ ಅಲ್ವಾ? ಇಂಜಿನ್ ಒಳಗೂ ಅದೇ ಆಗೋದು. ಎಥೆನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರಿಕೊಳ್ಳುತ್ತೆ. ಒಳಗೆ ಹೋಗುವ ಗಾಳಿ ತಣ್ಣಗಾಗುತ್ತೆ. ಜೊತೆಗೆ ಅದರ ಆಕ್ಟೇನ್ ಸಂಖ್ಯೆ ನೂರರ ಮೇಲಿದೆ. ಅಂದರೆ ಒತ್ತಡ ಹೆಚ್ಚಿಸಿದರೂ ಹೊತ್ತಲ್ಲದ ಹೊತ್ತಲ್ಲಿ ತಾನಾಗಿ ಹೊತ್ತಿಕೊಂಡು ಇಂಜಿನ್ ಕಟಕಟ ಬಡಿದುಕೊಳ್ಳುವುದಿಲ್ಲ. ಟರ್ಬೊ ಒತ್ತಡ ಏರಿಸಬಹುದು, ಕಿಡಿಯನ್ನ ಇನ್ನಷ್ಟು ಮುಂಚೆ ಕೊಡಬಹುದು. ಪವರ್ ಬರೋದು ಅಲ್ಲಿಂದ. ಸ್ವೀಡನ್ನಿನ ಕೋನಿಗ್‌ಸೆಗ್ ಕಂಪನಿಯ ಸಿಸಿಎಕ್ಸ್ ಕಾರು ಪೆಟ್ರೋಲಿನಲ್ಲಿ 806 ಅಶ್ವಶಕ್ತಿ ಕೊಡುತ್ತಿತ್ತು. 2007ರಲ್ಲಿ ಅದೇ ಕಾರನ್ನ ಇ85ಕ್ಕೆ ಹೊಂದಿಸಿ ಸಿಸಿಎಕ್ಸ್‌ಆರ್ ಅಂತ ತಂದರು. ಅದರ ಶಕ್ತಿ 1,018! ಅದೇ ವರ್ಷದಿಂದ ಅಮೆರಿಕದ ಇಂಡಿಕಾರ್ ರೇಸುಗಳು ಎಥೆನಾಲ್ ಮೇಲೆ ಓಡತೊಡಗಿದವು. 2023ರಿಂದ ಅಲ್ಲಿ ಬಳಸುತ್ತಿರುವ ಇಂಧನದ ಎಥೆನಾಲ್ ಬ್ರೆಜಿಲ್‌ನ ಕಬ್ಬಿನ ತ್ಯಾಜ್ಯದಿಂದ ಮಾಡಿದ್ದು.

ಹಾಗಾದರೆ ಹುಡುಗ ಹೇಳಿದ್ದೇ ಸರಿ ಅಲ್ವಾ? ಅರ್ಧ ಸರಿ. ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು. ಒಂದು ಕಿಲೋ ಎಥೆನಾಲಿಗೆ ಬರೀ 9 ಕಿಲೋ ಸಾಕು. ಅಂದರೆ ಅಷ್ಟೇ ಗಾಳಿಗೆ ಇನ್ನೂ ಜಾಸ್ತಿ ಎಣ್ಣೆ ಸುರಿಯಬೇಕು. ಇ85 ಹಾಕಿದರೆ ಹತ್ತಿರಹತ್ತಿರ ಮೂರನೇ ಒಂದು ಪಾಲು ಹೆಚ್ಚು. ಇಂಜೆಕ್ಟರ್ ದೊಡ್ಡದಾಗಬೇಕು, ಪಂಪ್ ಬಲವಾಗಬೇಕು, ಪೈಪು-ರಬ್ಬರ್ ಎಥೆನಾಲಿಗೆ ಬಾಳುವಂಥದ್ದಾಗಬೇಕು. ಪೈಪಿನಲ್ಲಿ ಒಂದು ಸೆನ್ಸರ್ ಕೂರಿಸಿ, ಎಷ್ಟು ಎಥೆನಾಲ್ ಬರುತ್ತಿದೆ ಅಂತ ಕ್ಷಣಕ್ಷಣಕ್ಕೂ ಅಳೆದು ಕಾರಿನ ಕಂಪ್ಯೂಟರಿಗೆ ತಿಳಿಸಬೇಕು. ಆ ಕಂಪ್ಯೂಟರಿನಲ್ಲಿ ಪೆಟ್ರೋಲಿಗೆ ಒಂದು ಲೆಕ್ಕ, ಎಥೆನಾಲಿಗೆ ಒಂದು ಲೆಕ್ಕ ಇರಬೇಕು. ಎರಡರ ನಡುವೆ ಎಲ್ಲಿ ನಿಲ್ಲಬೇಕು ಅನ್ನೋದನ್ನ ಅದು ತಾನೇ ನಿರ್ಧರಿಸುತ್ತೆ. ಫ್ಲೆಕ್ಸ್ ಫ್ಯೂಯಲ್ ಅಂದರೆ ಇಷ್ಟೇ. ಇದ್ಯಾವುದೂ ಇಲ್ಲದೆ ಎಥೆನಾಲ್ ಸುರಿದರೆ ಎಣ್ಣೆ ಕಡಿಮೆ ಬಿದ್ದು, ಇಂಜಿನ್ ಬಿಸಿಯಾಗಿ, ಟರ್ಬೊ ಗಾಡಿಯಾದರೆ ಪಿಸ್ಟನ್ನೇ ಸುಡಬಹುದು.

ಡಿಸ್ಟಿಲರಿಯ ಕ್ಯಾನ್ ವಿಷಯಕ್ಕೆ ಬಂದರೆ, ಅದು ಅಬಕಾರಿ ಕಾನೂನಿನ ಪ್ರಕಾರ ಅಪರಾಧ. ಅಷ್ಟೇ ಅಲ್ಲ, ಸಾಮಾನ್ಯ ಸ್ಪಿರಿಟ್‌ನಲ್ಲಿ ನೂರಕ್ಕೆ ಐದು ಪಾಲಿನಷ್ಟು ನೀರಿರುತ್ತೆ. ಪೆಟ್ರೋಲ್ ಜೊತೆ ಸೇರಿದಾಗ ನೀರು-ಸ್ಪಿರಿಟ್ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತೆ. ಅದಕ್ಕೇ ಗಾಡಿಗೆ ಹಾಕುವ ಎಥೆನಾಲ್ 99.5 ಪ್ರತಿಶತ ಶುದ್ಧ ಇರಬೇಕು. ಈ 99.5 ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 1908ರಲ್ಲಿ ಹೆನ್ರಿ ಫೋರ್ಡ್ ಮಾಡೆಲ್ ಟಿ ಕಾರು ತಂದ. ಅದರಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು? ಕಿಡಿ ಯಾವಾಗ ಬೀಳಬೇಕು ಅನ್ನೋದನ್ನ ಡ್ರೈವರ್ ಸ್ಟೇರಿಂಗ್ ಹತ್ತಿರದ ಕಡ್ಡಿ ಸರಿಸಿ ಹೊಂದಿಸುತ್ತಿದ್ದ. ಗಾಳಿ-ಎಣ್ಣೆಯ ಹದವನ್ನೂ ಕೂತಲ್ಲಿಂದಲೇ ತಿರುಗಿಸಿ ಹೊಂದಿಸುತ್ತಿದ್ದ. ಅಂದರೆ ಡ್ರೈವರೇ ಟ್ಯೂನರ್. ಬೆಳೆಯಿಂದ ಬರುವ ಆಲ್ಕೋಹಾಲ್ ನಾಳೆಯ ಇಂಧನ ಅಂತ ಫೋರ್ಡ್ 1925ರಲ್ಲೂ ಹೇಳುತ್ತಿದ್ದ. ಅವನೂ ರೈತನ ಮಗನೇ.

ಆದರೆ ಆಗಿದ್ದೇನು? ಇಂಜಿನ್ ಬಡಿದುಕೊಳ್ಳುವ ಕಾಯಿಲೆಗೆ ಔಷಧಿ ಹುಡುಕುತ್ತಿದ್ದ ಜನರಲ್ ಮೋಟರ್ಸ್‌ನ ಥಾಮಸ್ ಮಿಜ್ಲಿಗೆ ಆಲ್ಕೋಹಾಲ್ ಕೆಲಸ ಮಾಡುತ್ತೆ ಅಂತ ಗೊತ್ತಿತ್ತು. ಆದರೆ 1921ರ ಡಿಸೆಂಬರ್‌ನಲ್ಲಿ ಅವರ ತಂಡಕ್ಕೆ ಸೀಸದ ಒಂದು ಸಂಯುಕ್ತ ಸಿಕ್ಕಿತು. ಚಿಟಿಕೆಯಷ್ಟು ಹಾಕಿದರೆ ಸಾಕು. ಅದಕ್ಕೆ ಪೇಟೆಂಟ್ ಮಾಡಿಸಬಹುದು. ಆಲ್ಕೋಹಾಲನ್ನ ಯಾವ ಹಳ್ಳಿಯವನು ಬೇಕಾದರೂ ಬಟ್ಟಿ ಇಳಿಸಬಲ್ಲ, ಅದರಲ್ಲಿ ಕಂಪನಿಗೆ ಏನು ಲಾಭ? 1923ರಲ್ಲಿ ಸೀಸದ ಪೆಟ್ರೋಲ್ ಮಾರುಕಟ್ಟೆಗೆ ಬಂತು. 1924ರಲ್ಲಿ ನ್ಯೂಜೆರ್ಸಿಯ ಘಟಕದಲ್ಲಿ ಐವರು ಕಾರ್ಮಿಕರು ಸೀಸದ ವಿಷ ತಲೆಗೇರಿ ಸತ್ತರು. ಆದರೂ ಜಗತ್ತು ಮುಂದಿನ ಹಲವು ದಶಕ ಆ ವಿಷದ ಹೊಗೆಯನ್ನೇ ಕುಡಿಯಿತು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತಿದ್ದು 2000ನೇ ಇಸವಿಯಲ್ಲಿ.

ಭಾರತದ ಕತೆ ಏನು? ಎಥೆನಾಲ್ ಅಂದರೆ ನಿನ್ನೆ ಮೊನ್ನೆಯದು ಅಂದುಕೊಂಡವರಿಗೆ ಇದು ಗೊತ್ತಿರಲಿ. 1933ರಲ್ಲಿ ಶುರುವಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಕಾಕಂಬಿಯಿಂದ 'ಪವರ್ ಆಲ್ಕೋಹಾಲ್' ಮಾಡಿದ ಕಾರ್ಖಾನೆ. ಅದೇ ದಶಕದಲ್ಲಿ, 1939ರಲ್ಲಿ, ಇತ್ತ ಕೃಷ್ಣೆಯ ದಂಡೆಯಲ್ಲಿ ಉಗಾರ ಶುಗರ್ ವರ್ಕ್ಸ್ ಹುಟ್ಟಿತು. ಇವತ್ತಿನ ಕಾಗವಾಡ ತಾಲೂಕಿನ ಉಗಾರ ಖುರ್ದದಲ್ಲಿ, ಮೀರಜ್-ಬೆಳಗಾವಿ ರೈಲು ಹಳಿಯ ಪಕ್ಕದಲ್ಲಿ. ಆಮೇಲೆ ಚಿಕ್ಕೋಡಿಯಲ್ಲಿ ದೂಧಗಂಗಾ ಕೃಷ್ಣಾ, ನಿಪ್ಪಾಣಿಯಲ್ಲಿ ಹಾಲಸಿದ್ಧನಾಥ, ರಾಯಬಾಗ, ಅಥಣಿಯಲ್ಲೂ ಸಹಕಾರಿ ಕಾರ್ಖಾನೆಗಳು ಬಂದವು. ಅವುಗಳ ಹಿಂದೆ ಖಾಸಗಿಯವರು ಬಂದರು. ತಂಬಾಕಿಗೆ ಹೆಸರಾದ ನಿಪ್ಪಾಣಿ ಸೀಮೆಯಲ್ಲೂ ಕಬ್ಬು ಹಬ್ಬಿತು.

ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ದೆಹಲಿಯಲ್ಲಿ ಒಂದು ಕಾಯ್ದೆ ಆಯಿತು. ಅದರ ಹೆಸರು ಇಂಡಿಯನ್ ಪವರ್ ಆಲ್ಕೋಹಾಲ್ ಆಕ್ಟ್. ಅದರಲ್ಲಿ ಪವರ್ ಆಲ್ಕೋಹಾಲ್ ಅಂದರೆ ಏನು ಅನ್ನೋ ವ್ಯಾಖ್ಯೆ ಇದೆ: ಕನಿಷ್ಠ 99.5 ಪ್ರತಿಶತ ಎಥೆನಾಲ್. ಆಗಲೇ ಹೇಳಿದೆನಲ್ಲ, ಅದೇ ಸಂಖ್ಯೆ! ನಿಪ್ಪಾಣಿಯ ಮಿಸ್ತ್ರಿ ಇವತ್ತು ಹೇಳೋದನ್ನ ನಮ್ಮ ಸಂಸತ್ತಿನ ಕಾಯ್ದೆ 1948ರಲ್ಲೇ ಬರೆದಿಟ್ಟಿತ್ತು. ಆದರೆ ಯುದ್ಧ ಮುಗಿದು ಪೆಟ್ರೋಲ್ ಸಲೀಸಾಗಿ ಸಿಗತೊಡಗಿದ ಮೇಲೆ ಆಲ್ಕೋಹಾಲ್ ಯಾರಿಗೆ ಬೇಕು? ಕಾಕಂಬಿ ಸಾರಾಯಿಗೆ ಹೋಯಿತು, ರಾಸಾಯನಿಕ ಕಾರ್ಖಾನೆಗೆ ಹೋಯಿತು. ಕಾಯ್ದೆ ಕಪಾಟಿನಲ್ಲಿ ಧೂಳು ತಿನ್ನುತ್ತಾ ಕೂತಿತ್ತು. 2000ದಲ್ಲಿ, ಇದು ಹಳತಾಯಿತು ಅಂತ ಅದನ್ನ ರದ್ದು ಮಾಡಿದರು.

ತಮಾಷೆ ನೋಡಿ. ರದ್ದು ಮಾಡಿದ ಮರುವರ್ಷ, 2001ರಲ್ಲಿ, ಅದೇ ಸರ್ಕಾರ ಪೆಟ್ರೋಲಿಗೆ ಐದು ಪ್ರತಿಶತ ಎಥೆನಾಲ್ ಬೆರೆಸುವ ಪ್ರಯೋಗ ಶುರು ಮಾಡಿತು. ಮೂರು ಜಾಗ ಆರಿಸಿದರು. ಒಂದು ಉತ್ತರ ಪ್ರದೇಶದ ಬರೇಲಿ ಕಡೆ, ಇನ್ನೊಂದು ಮಹಾರಾಷ್ಟ್ರದ ಮನ್ಮಾಡ್. ಮೂರನೆಯದು? ಮೀರಜ್. ಕಾಗವಾಡದಿಂದ ಹೊರಟರೆ ಚಹಾ ಆರುವುದರೊಳಗೆ ಮುಟ್ಟುವ ಮೀರಜ್! ಕಾಗವಾಡ, ಅಥಣಿಯ ಜನ ಆಸ್ಪತ್ರೆಗೆ, ರೈಲಿಗೆ, ಸಂತೆಗೆ ಹೋಗುವ ಊರು. ಹಾಗೆ ಹೋದವರು ಬೈಕಿಗೆ ಎಣ್ಣೆ ಹಾಕಿಸಿಕೊಂಡು ಬಂದಾಗ, ತಮ್ಮ ಸೀಮೆಯ ಬೆಳೆಯನ್ನೇ ಟ್ಯಾಂಕಿನಲ್ಲಿ ತುಂಬಿಸಿಕೊಂಡು ಬರುತ್ತಿದ್ದೇವೆ ಅಂತ ಎಷ್ಟು ಜನರಿಗೆ ಗೊತ್ತಿತ್ತು? 2003ರ ಜನವರಿಯಿಂದ ಯೋಜನೆ ಒಂಬತ್ತು ರಾಜ್ಯಗಳಿಗೆ ಬಂತು, ಅದರಲ್ಲಿ ಕರ್ನಾಟಕವೂ ಇತ್ತು.

ಇದೇ ಹೊತ್ತಿಗೆ ಬ್ರೆಜಿಲ್‌ನಲ್ಲಿ ಏನಾಗುತ್ತಿತ್ತು ನೋಡಿ. ಅವರದೂ ಕಬ್ಬಿನ ದೇಶ. ತೈಲ ಬಿಕ್ಕಟ್ಟಿನ ಪೆಟ್ಟು ತಿಂದು 1975ರಲ್ಲಿ ಆಲ್ಕೋಹಾಲ್ ಯೋಜನೆ ಶುರು ಮಾಡಿದರು. 1979ರಲ್ಲಿ ಬರೀ ಆಲ್ಕೋಹಾಲ್ ಮೇಲೆ ಓಡುವ ಫಿಯಟ್ 147 ರಸ್ತೆಗೆ ಬಂತು. ಜನ ಮುಗಿಬಿದ್ದು ಕೊಂಡರು. ಆಮೇಲೆ ತೈಲದ ಬೆಲೆ ಇಳಿಯಿತು, ಸಕ್ಕರೆ ಬೆಲೆ ಏರಿತು. ಕಾರ್ಖಾನೆಗಳು ಸಕ್ಕರೆ ಕಡೆ ತಿರುಗಿದವು. 1989ರ ಕೊನೆಯ ಹೊತ್ತಿಗೆ ಬಂಕುಗಳಲ್ಲಿ ಆಲ್ಕೋಹಾಲ್ ಇಲ್ಲ! ಆಲ್ಕೋಹಾಲ್ ಕಾರು ಕೊಂಡವರು ನಡುರಸ್ತೆಯಲ್ಲಿ ನಿಂತರು. ಒಂದೇ ಎಣ್ಣೆಗೆ ಕಟ್ಟಿಬಿದ್ದರೆ ಏನಾಗುತ್ತೆ ಅಂತ ಆ ದೇಶಕ್ಕೆ ಅರ್ಥವಾಯಿತು. ಅದರ ಉತ್ತರವೇ 2003ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಗೋಲ್ ಟೋಟಲ್ ಫ್ಲೆಕ್ಸ್. ಪೆಟ್ರೋಲ್ ಹಾಕಿ, ಎಥೆನಾಲ್ ಹಾಕಿ, ಎರಡನ್ನೂ ಬೆರೆಸಿ ಹಾಕಿ, ಹೊಗೆಯನ್ನ ಅಳೆಯುವ ಸೆನ್ಸರ್ ನೋಡಿಕೊಂಡು ಅದೇ ಟ್ಯೂನ್ ಆಗುತ್ತೆ. ಅಲ್ಲಿನ ಜನರದು ಸರಳ ಲೆಕ್ಕ. ಎಥೆನಾಲ್ ಬೆಲೆ ಪೆಟ್ರೋಲ್ ಬೆಲೆಯ ನೂರಕ್ಕೆ ಎಪ್ಪತ್ತಕ್ಕಿಂತ ಕಡಿಮೆ ಇದ್ದರೆ ಎಥೆನಾಲ್, ಇಲ್ಲದಿದ್ದರೆ ಪೆಟ್ರೋಲ್. ಯಾಕೆಂದರೆ ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲು ಮಾತ್ರ. ಆಯ್ಕೆ ಯಾರದು? ಗಾಡಿ ಓಡಿಸುವವನದು. 1908ರಲ್ಲಿ ಫೋರ್ಡ್ ಡ್ರೈವರ್‌ನ ಕೈಗೆ ಕೊಟ್ಟಿದ್ದ ಕಡ್ಡಿಯನ್ನ ಬ್ರೆಜಿಲ್ 2003ರಲ್ಲಿ ವಾಪಸ್ ಕೊಟ್ಟಿತು.

ನಾವು? ನಾವು ಎಣ್ಣೆಯನ್ನ ಬದಲಿಸಿದೆವು. 2018ರ ಜೈವಿಕ ಇಂಧನ ನೀತಿಯಲ್ಲಿ ಕಾಕಂಬಿ ಮಾತ್ರವಲ್ಲ, ಕಬ್ಬಿನ ರಸದಿಂದಲೇ ನೇರ ಎಥೆನಾಲ್ ಮಾಡಬಹುದು ಅಂತಾಯಿತು. ಗಡಿಯ ತಾಲೂಕುಗಳ ಕಾರ್ಖಾನೆಗಳಿಗೆ ಇದು ಹೊಸ ಬಾಗಿಲು. 2019ರ ಜುಲೈನಲ್ಲಿ ಟಿವಿಎಸ್ ಕಂಪನಿ ಎಥೆನಾಲ್ ಮೇಲೆ ಓಡುವ ಅಪಾಚೆ ಬೈಕ್ ಬಿಡುಗಡೆ ಮಾಡಿತು, ದೇಶದಲ್ಲೇ ಮೊದಲನೆಯದು. ಆದರೆ ಹಾಕಿಸೋಕೆ ಎಥೆನಾಲ್ ಎಲ್ಲಿತ್ತು? 2023ರ ಫೆಬ್ರವರಿ 6ರಂದು ಪ್ರಧಾನಿ ಬೆಂಗಳೂರಿನಲ್ಲೇ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಅದೇ ಆಗಸ್ಟ್‌ನಲ್ಲಿ ಫ್ಲೆಕ್ಸ್ ಫ್ಯೂಯಲ್ ಇನ್ನೋವಾದ ಮಾದರಿಯನ್ನ ನಿತಿನ್ ಗಡ್ಕರಿ ದೆಹಲಿಯಲ್ಲಿ ಅನಾವರಣ ಮಾಡಿದರು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸೇರಿ ಐದು ಕಡೆಯ 183 ಬಂಕುಗಳಲ್ಲಿ ಇ100 ಬಂತು ಅಂತ ಘೋಷಣೆಯಾಯಿತು. ಬೈಕ್ ಬಂದಾಗ ಎಣ್ಣೆ ಇರಲಿಲ್ಲ, ಎಣ್ಣೆ ಬಂದಾಗ ಕಾರು ಷೋರೂಮಿಗೇ ಬಂದಿರಲಿಲ್ಲ!

ನಡುವೆ ಇನ್ನೊಂದು ಆಘಾತ. 2023ರ ಡಿಸೆಂಬರ್ 7ರಂದು, ನಡು ಹಂಗಾಮಿನಲ್ಲಿ, ಕಬ್ಬಿನ ರಸದಿಂದ ಎಥೆನಾಲ್ ಮಾಡಬೇಡಿ ಅಂತ ಕೇಂದ್ರ ಆದೇಶ ಹೊರಡಿಸಿತು. ಮಳೆ ಕೈಕೊಟ್ಟಿತ್ತು, ಸಕ್ಕರೆ ಬೆಲೆ ಏರುವ ಭಯ. ಸಾಲ ಮಾಡಿ ಡಿಸ್ಟಿಲರಿ ಕಟ್ಟಿದವರು ಕೈ ಹೊಸಕಿಕೊಂಡರು. 2024ರ ಆಗಸ್ಟ್ ಕೊನೆಗೆ ಆ ನಿರ್ಬಂಧ ತೆಗೆದರು. ಅಷ್ಟರಲ್ಲಿ ಮೆಕ್ಕೆಜೋಳ, ಅಕ್ಕಿಯಿಂದ ಮಾಡುವ ಎಥೆನಾಲ್ ಕಬ್ಬನ್ನ ಹಿಂದೆ ಹಾಕಿ ಮುಂದೆ ಹೋಗಿತ್ತು. ಬ್ರೆಜಿಲ್‌ನ ಹಳೇ ಪಾಠ ನಮ್ಮ ಅಂಗಳದಲ್ಲೇ ಮತ್ತೆ ನಡೆಯಿತು, ಅಷ್ಟೆ.

ಇನ್ನು ರೈತನ ಲೆಕ್ಕ. ರಸದಿಂದ ನೇರ ಮಾಡಿದರೆ ಒಂದು ಟನ್ ಕಬ್ಬಿಗೆ ಸುಮಾರು 70 ಲೀಟರ್ ಎಥೆನಾಲ್. 50 ಲೀಟರ್ ಟ್ಯಾಂಕಿನಲ್ಲಿ 10 ಲೀಟರ್ ಎಥೆನಾಲ್ ಅಂದರೆ ಸುಮಾರು 143 ಕಿಲೋ ಕಬ್ಬು. ಗುರ್ಲಾಪುರದ ಹೋರಾಟ ಕೊನೆಗೆ ಟನ್ನಿಗೆ 3,300 ರೂಪಾಯಿಗೆ ನಿಂತಿತು. ಆ ದರದಲ್ಲಿ 143 ಕಿಲೋಗೆ ರೈತನಿಗೆ ಸುಮಾರು 470 ರೂಪಾಯಿ. ಅದೇ 10 ಲೀಟರನ್ನ ಕಾರ್ಖಾನೆಯವರು ತೈಲ ಕಂಪನಿಗೆ ಲೀಟರಿಗೆ 65.61ರಂತೆ 656 ರೂಪಾಯಿಗೆ ಕೊಡುತ್ತಾರೆ. ಬಂಕಿನಲ್ಲಿ ನೀವು ನಾವು ಅದಕ್ಕೆ ಕೊಡೋದು ಸಾವಿರದ ಮೇಲೆ. ನಡುವೆ ತಯಾರಿಕೆ ಖರ್ಚಿದೆ, ಸಾಗಾಟ ಇದೆ, ತೆರಿಗೆ ಇದೆ, ಒಪ್ಪೋಣ. ಕಾರ್ಖಾನೆಯವರ ಅಳಲೂ ಸುಳ್ಳಲ್ಲ: ರಸದ ಎಥೆನಾಲಿಗೆ 2022-23ರಲ್ಲಿ ಇದ್ದ 65.61 ರೂಪಾಯಿಯೇ 2024-25ರಲ್ಲೂ ಇತ್ತು. ಕಬ್ಬಿನ ಎಫ್‌ಆರ್‌ಪಿ ಮಾತ್ರ ಕ್ವಿಂಟಲ್‌ಗೆ 305ರಿಂದ 340ಕ್ಕೆ ಏರಿತ್ತು. ಆದರೆ ಆ ಎಫ್‌ಆರ್‌ಪಿ ನಿಂತಿರೋದು ಸಕ್ಕರೆ ಇಳುವರಿಯ ಲೆಕ್ಕದ ಮೇಲೆ. ಕಬ್ಬು ಕಾರಿನ ಟ್ಯಾಂಕ್ ಸೇರಿದರೂ ರೈತನ ಬಿಲ್ಲು ಇನ್ನೂ ಸಕ್ಕರೆ ಚೀಲದ ಲೆಕ್ಕದಲ್ಲೇ ಇದೆ.

ನೀರಿನ ಲೆಕ್ಕವನ್ನೂ ಮರೆಯೋದು ಬೇಡ. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್‌ಗೆ ಸುಮಾರು 2,860 ಲೀಟರ್ ನೀರು ಬೇಕು ಅಂತ ನೀತಿ ಆಯೋಗದ 2021ರ ವರದಿಯೇ ಹೇಳುತ್ತೆ. ಮಳೆಗಾಲದಲ್ಲಿ ಕೃಷ್ಣೆ ಉಕ್ಕಿ ಕಾಗವಾಡ, ರಾಯಬಾಗದ ಹೊಲ ಮುಳುಗಿಸುತ್ತಾಳೆ. ಬೇಸಿಗೆಯಲ್ಲಿ ಅದೇ ಅಥಣಿ ತಾಲೂಕಿನ ಪೂರ್ವದ ಹಳ್ಳಿಗಳು ಕುಡಿಯೋ ನೀರಿಗೆ ಪರದಾಡುತ್ತವೆ. ಕಾರಿನ ಶಕ್ತಿಯಲ್ಲಿ ಆ ನೀರೂ ಸೇರಿದೆ.

ನಾನು ಎಥೆನಾಲ್ ವಿರೋಧಿಯಲ್ಲ. ಕೊಲ್ಲಿಯ ಶೇಖ್‌ಗೆ ಹೋಗುವ ಹಣ ಅಥಣಿಯ ಗೌಡರಿಗೆ, ರಾಯಬಾಗದ ಪಾಟೀಲರಿಗೆ ಬಂದರೆ ಯಾರಿಗೆ ಬೇಡ? ಆದರೆ ಎಣ್ಣೆ ಬದಲಾದ ಮೇಲೆ ಟ್ಯೂನಿಂಗ್ ಮಾಡಲೇಬೇಕು. ಇ20 ಹಾಕಿದ ಹಳೇ ಗಾಡಿಗಳ ಮೈಲೇಜು ನೂರಕ್ಕೆ ಆರೇಳರಷ್ಟು ಇಳಿಯಬಹುದು ಅಂತ ಅದೇ ನೀತಿ ಆಯೋಗ ಮುಂಚೆಯೇ ಹೇಳಿತ್ತು. ಆದರೆ ಬಂಕಿನ ಬೆಲೆಯಲ್ಲಿ ಆ ನಷ್ಟಕ್ಕೆ ಕಡಿತ ಸಿಗಲಿಲ್ಲ. ಬೇಡ ಅಂದರೆ ಸಾದಾ ಪೆಟ್ರೋಲ್ ಹಾಕಿಸಿಕೊಳ್ಳೋಣ ಅನ್ನೋ ಆಯ್ಕೆಯೂ ಇಲ್ಲ. ಬ್ರೆಜಿಲ್ ತನ್ನ ಜನಕ್ಕೆ ಆಯ್ಕೆ ಕೊಟ್ಟಿತು. ನಮಗೆ ಸಿಕ್ಕಿದ್ದು ಆದೇಶ.

ಮತ್ತೆ ಗ್ಯಾರೇಜಿಗೆ ಬರೋಣ. ನಮ್ಮ ಗಾಡಿಯಲ್ಲಿ ಇದ್ದದ್ದು ಬರೀ ಕಸ ಕಟ್ಟಿದ ಏರ್ ಫಿಲ್ಟರ್. ಎಥೆನಾಲಿಗೂ ಅದಕ್ಕೂ ಸಂಬಂಧವಿರಲಿಲ್ಲ. ಮಿಸ್ತ್ರಿ ಅದನ್ನ ಝಾಡಿಸುತ್ತಾ ಹುಡುಗನಿಗೆ ಬುದ್ಧಿ ಹೇಳಿದ: "ತಮ್ಮಾ, ಇಂಜಿನ್ನಿಗೆ ಕೈ ಹಾಕ್ಬೇಕಂದ್ರ ಆರ್‌ಟಿಓ ಪರವಾನಗಿ ಬೇಕ, ಇನ್ಶೂರೆನ್ಸಿನವ್ರಿಗೆ ಹೇಳ್ಬೇಕ. ಕಂಪನಿಯಿಂದನ ಫ್ಲೆಕ್ಸ್ ಗಾಡಿ ಬರತಾವು, ಸ್ವಲ್ಪ ತಡಿ."

ಹುಡುಗ ಒಂದು ಮಾತು ಹೇಳಿದ. "ತಡೀತೇನಿ ಅಣ್ಣಾ. ಆದ್ರ ನಮ್ಮಪ್ಪಂದು ಹ್ವಾದ ವರ್ಷದ್ದ ಕಬ್ಬಿನ ಬಿಲ್ ಇನ್ನೂ ಪೂರ್ತಿ ಬಂದಿಲ್ಲ. ಅದು ಬಂದಮ್ಯಾಲ ಗಾಡಿ ಮಾತು."

ಗಾಳಿ ಇದೆ, ಎಣ್ಣೆ ಇದೆ, ಕಿಡಿಯೂ ಇದೆ. ಹದ ಮಾಡುವ ಕೈ ಯಾವುದು ಅಂತ ದೆಹಲಿ, ಬೆಂಗಳೂರು ಎರಡೂ ಹೇಳಬೇಕು. ಅಲ್ಲಿಯವರೆಗೆ ಕೇಳುವ ಕೆಲಸ ನಮ್ಮದು.